ಸಮುದ್ರದ ತಳದಲ್ಲಿ ನ್ಯೂಟ್ರಿನೊ ಟೆಲಿಸ್ಕೋಪು: ಗೋಲಗಳೇ ಓಲಾಡ್ತಾ ಇದ್ರೆ ಅಳೆಯೋದು ಹೆಂಗೆ?

ಮಧ್ಯರಾತ್ರಿ_ಓದುಗ:
ಮೆಡಿಟರೇನಿಯನ್ ಸಮುದ್ರದಲ್ಲಿ ಸಿಸಿಲಿ ಪಕ್ಕ ಕೆಎಂ3ನೆಟ್ ಅಂತ ಒಂದು ನ್ಯೂಟ್ರಿನೊ ಟೆಲಿಸ್ಕೋಪ್, ಅಂದ್ರೆ ಆಕಾಶದಿಂದ ಬರೋ ನ್ಯೂಟ್ರಿನೊ ಅನ್ನೋ ಅತಿ ಸಣ್ಣ ಕಣಗಳನ್ನ ಹುಡುಕೋ ಯಂತ್ರ, ಕಟ್ತಾ ಇದಾರಲ್ಲ, ಅದರ ಬಗ್ಗೆ ಓದ್ತಾ ಕೂತವನಿಗೆ ನಿದ್ದೆನೇ ಹಾರಿಹೋಯ್ತು. ಮೂರೂವರೆ ಕಿಲೋಮೀಟರ್ ಆಳ, ಕಗ್ಗತ್ತಲು, ಅಲ್ಲಿ ತಳಕ್ಕೆ ಲಂಗರು ಕೊಟ್ಟು ಸುಮಾರು 700 ಮೀಟರ್ ಎತ್ತರಕ್ಕೆ ಒಂದೊಂದು ಸ್ಟ್ರಿಂಗ್, ಅಂದ್ರೆ ಗೋಲ ಪೋಣಿಸಿದ ಹಗ್ಗ, ನಿಲ್ಸೋದು, ಒಂದೊಂದಕ್ಕೂ ಒಳಗೆ ಬೆಳಕಿನ ಸೆನ್ಸರ್ ಇರೋ 18 ಗಾಜಿನ ಗೋಲ, ಕೊನೆಗೆ ಇಂಥವು 230 ಆಗ್ಬೇಕಂತೆ. ಸರಿ, ಕಟ್ಲಿ. ಆದ್ರೆ ಸಮುದ್ರ ಅಂದ್ಮೇಲೆ ಒಳಗೆ ನೀರು ಹರೀತಾ ಇರತ್ತೆ, ಸ್ಟ್ರಿಂಗ್ ಓಲಾಡತ್ತೆ, ಉಪ್ಪು ಇದೆ, ಮಿಣಮಿಣ ಹೊಳೆಯೋ ಜೀವಿಗಳಿದಾವೆ, ಇಷ್ಟೆಲ್ಲದರ ಮಧ್ಯೆ ಒಂದು ಕಣ ಯಾವ ದಿಕ್ಕಿಂದ ಬಂತು ಅಂತ ಡಿಗ್ರಿ ಲೆಕ್ಕದಲ್ಲಿ ಹೇಳ್ತೀವಿ ಅಂತಾರಲ್ಲ, ಹೆಂಗೆ? ನೀರಲ್ಲಿ ಹೋಮ ಮಾಡಿದಂಗೆ ಅನ್ನೋ ಮಾತು ಇವರಿಗೆ ಅಕ್ಷರಶಃ ಅನ್ವಯ ಆಗತ್ತೆ ಅನ್ನಿಸ್ತು. ದಕ್ಷಿಣ ಧ್ರುವದಲ್ಲಿ ಹಿಮದೊಳಗೆ ಐಸ್‌ಕ್ಯೂಬ್ ಅನ್ನೋ ಇನ್ನೊಂದು ನ್ಯೂಟ್ರಿನೊ ಟೆಲಿಸ್ಕೋಪ್ ಆಗ್ಲೇ ಆರಾಮಾಗಿ ಕೆಲಸ ಮಾಡ್ತಾ ಇರೋವಾಗ ಈ ಸಮುದ್ರದ ಉಸಾಬರಿ ಯಾಕೆ? ಗೊತ್ತಿರೋರು ಹೇಳಿ ಪ್ಲೀಸ್.

ಕಣಕಣ:
ಮೊದ್ಲು ಒಂದು ವಿಷ್ಯ ಕ್ಲಿಯರ್ ಮಾಡ್ಕೊಳೋಣ, ಗೋಲಗಳು ನ್ಯೂಟ್ರಿನೊನ ಹಿಡಿಯಲ್ಲ. ಅದು ಯಾರ ಕೈಗೂ ಸಿಗೋ ಆಸಾಮಿ ಅಲ್ಲ, ಸೂರ್ಯನಿಂದ ಬರೋವೇ ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಜಾಸ್ತಿ ತೂರಿ ಹೋಗ್ತಾ ಇರ್ತವೆ, ನಮಗೆ ಗೊತ್ತೂ ಆಗಲ್ಲ. ಅಪರೂಪಕ್ಕೆ ಭಾರೀ ಎನರ್ಜಿ ಇರೋ ಒಂದು ನ್ಯೂಟ್ರಿನೊ ನೀರಲ್ಲೋ ತಳದ ಬಂಡೆಯಲ್ಲೋ ಯಾವುದೋ ನ್ಯೂಕ್ಲಿಯಸ್ಸಿಗೆ ಡಿಕ್ಕಿ ಹೊಡೆದ್ರೆ ಮ್ಯುಯಾನ್ ಅನ್ನೋ ಇನ್ನೊಂದು ಕಣ ಹುಟ್ಟಿ ಹೆಚ್ಚುಕಮ್ಮಿ ಅದೇ ದಿಕ್ಕಲ್ಲಿ ಓಡತ್ತೆ. ನೀರಿನೊಳಗೆ ಬೆಳಕಿನ ಸ್ಪೀಡು ಮುಕ್ಕಾಲಿಗೆ ಇಳಿದುಬಿಡತ್ತೆ, ಮ್ಯುಯಾನ್ ಇಳಿಯಲ್ಲ, ಹಂಗಾಗಿ ಅದು ತಾನು ಹೊರಡಿಸೋ ಬೆಳಕನ್ನೇ ಹಿಂದೆ ಹಾಕಿ ಓಡತ್ತೆ. ಜೋರಾಗಿ ಹೋಗೋ ದೋಣಿ ಹಿಂದೆ ನೀರು ಎರಡೂ ಕಡೆ ಸೀಳ್ಕೊಂಡು ಅಲೆ ಏಳತ್ತಲ್ಲ, ಅದೇ ಥರ ಸುಮಾರು 42 ಡಿಗ್ರಿ ಕೋನದಲ್ಲಿ ನೀಲಿ ಬೆಳಕಿನ ಶಂಕು ಹರಡತ್ತೆ. ಇದೇ ಚೆರೆಂಕೋವ್ ಬೆಳಕು. ಗೋಲಗಳು ನೋಡೋದು ಇದನ್ನ. ಯಾವ ಗೋಲಕ್ಕೆ ಯಾವ ಕ್ಷಣ ಬೆಳಕು ತಾಗ್ತು ಅಂತ ಪಟ್ಟಿ ಸಿಕ್ಕಿದ್ರೆ ಮ್ಯುಯಾನ್ ದಾರಿನ ಹಿಂದಕ್ಕೆ ಎಳೆದು ನೋಡಬಹುದು.

ಇದು ನಿನ್ನೆ ಮೊನ್ನೆ ಹುಟ್ಟಿದ ಐಡಿಯಾನೂ ಅಲ್ಲ. ಸರೋವರದಲ್ಲೋ ಸಮುದ್ರದಲ್ಲೋ ಆಳಕ್ಕೆ ಡಿಟೆಕ್ಟರ್ ಇಳಿಸಿ ಅಂತ ಸೋವಿಯತ್ ವಿಜ್ಞಾನಿ ಮೊಯ್ಸೆ ಮಾರ್ಕೊವ್ ಹೇಳಿದ್ದು 1960ರಲ್ಲಿ. ಆಗ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊನೂ ಇನ್ನೂ ಯಾರೂ ಕಂಡಿರ್ಲಿಲ್ಲ, ಅದು ಕಂಡಿದ್ದು 1965ರಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ ಒಂದು ತಂಡಕ್ಕೆ, ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಇನ್ನೊಂದು ತಂಡಕ್ಕೆ.

ಗಟ್ಟಿಮಾತು:
ಎಲ್ಲಾ ಖರೆ ಸರ, ಆದ್ರ ಅವರು ಕೇಳಿದ್ದಕ್ಕ ಉತ್ತರ ಬರ್ಲಿಲ್ಲ. ಹಿಮದಾಗ ಒಂದು ಸಲ ಕೂಡಿಸಿದ್ರ ಮುಗೀತು, ಅಲ್ಲಾಡಂಗಿಲ್ಲ, ಉಪ್ಪಿಲ್ಲ, ಮೀನಿಲ್ಲ. ಐಸ್‌ಕ್ಯೂಬ್‌ದಾಗ 86 ಸ್ಟ್ರಿಂಗ್, 5160 ಸೆನ್ಸರ್, 2010ರ ಡಿಸೆಂಬರ್‌ನಾಗ ಕಟ್ಟಿ ಮುಗಿಸಿದ್ರು, ಒಂದು ಘನ ಕಿಲೋಮೀಟರ್ ಹಿಮ. 2017ರಾಗ ಒಂದು ನ್ಯೂಟ್ರಿನೊ ಬಂದ ದಿಕ್ಕಿನಾಗ ದೂರದ ಬ್ಲೇಝಾರ್ (ನಡುವ ದೊಡ್ಡ ಕಪ್ಪುಕುಳಿ ಇರೋ ಪ್ರಖರ ಗೆಲಾಕ್ಸಿ) ಒಂದನ್ನ ತೋರ್ಸಿದ್ದೂ ಅವರ. ಸಮುದ್ರದಾಗ ಹಾಕೋದು ಅಂದ್ರ ಗೊತ್ತಿದ್ದೂ ಗೊತ್ತಿದ್ದೂ ತಲಿನೋವು ತಗೊಂಡಂಗ.

ಕಣಕಣ:
ತಲೆನೋವು ಹೌದು, ಸುಮ್ನೆ ತಗೊಂಡಿದ್ದಲ್ಲ. ಹಿಮದಲ್ಲಿ ಬೆಳಕು ದೂರ ಹೋಗತ್ತೆ ನಿಜ, ಆದ್ರೆ ನೇರವಾಗಿ ಹೋಗಲ್ಲ, ದಾರಿಯಲ್ಲಿ ಧೂಳು ಗೀಳು ಸಿಕ್ಕಿ ಮತ್ತೆ ಮತ್ತೆ ಚದುರತ್ತೆ. ಸಮುದ್ರದ ಆಳದ ನೀರಲ್ಲಿ ಚದುರೋದು ತುಂಬಾ ಕಮ್ಮಿ, 60-70 ಮೀಟರ್ ಹೋಗೋಷ್ಟರಲ್ಲಿ ಹೀರಿಕೊಂಡು ಕ್ಷೀಣಿಸತ್ತೆ ಅಷ್ಟೆ. ಅಂದ್ರೆ ಬರೋ ಬೆಳಕು ಕಮ್ಮಿ ಇರಬಹುದು, ಆದ್ರೆ ಬಂದಿದ್ದು ಸುಳ್ಳು ಹೇಳಲ್ಲ. ಅದಕ್ಕೇ ಹೆಚ್ಚಿನ ಎನರ್ಜಿಯ ಮ್ಯುಯಾನ್ ದಿಕ್ಕನ್ನ 0.1 ಡಿಗ್ರಿ ಆಸುಪಾಸಿನವರೆಗೂ ಹೇಳೋ ಗುರಿ ಇಟ್ಕೊಂಡಿರೋದು.

ಇನ್ನೊಂದು ಕಾರಣ ಜಾಗದ್ದು. ಇವು ತಲೆಕೆಳಗಾದ ಟೆಲಿಸ್ಕೋಪುಗಳು, ಮೇಲಿಂದ ವಾತಾವರಣದ ಮ್ಯುಯಾನುಗಳು ಮೂರೂವರೆ ಕಿಲೋಮೀಟರ್ ನೀರು ದಾಟಿನೂ ಸುರೀತಾನೇ ಇರ್ತವೆ, ಹಂಗಾಗಿ ಭೂಮಿನೇ ಜರಡಿ ಮಾಡ್ಕೊಂಡು ಕೆಳಗಿಂದ ಮೇಲಕ್ಕೆ ಬರೋದನ್ನ ಹುಡುಕ್ತಾರೆ, ಯಾಕಂದ್ರೆ ಭೂಮಿ ದಾಟಿ ಬರೋಕೆ ನ್ಯೂಟ್ರಿನೊಗೆ ಬಿಟ್ರೆ ಬೇರೆ ಯಾವುದಕ್ಕೂ ತಾಕತ್ತಿಲ್ಲ. ದಕ್ಷಿಣ ಧ್ರುವದಿಂದ ಕೆಳಗೆ ನೋಡಿದ್ರೆ ಉತ್ತರದ ಆಕಾಶ ಕಾಣತ್ತೆ. ನಮ್ಮ ಗೆಲಾಕ್ಸಿಯ ನಡುಭಾಗ ಇರೋದು ದಕ್ಷಿಣದ ಆಕಾಶದಲ್ಲಿ, ಅದನ್ನ ಭೂಮಿ ಮೂಲಕ ನೋಡೋಕೆ ಉತ್ತರಾರ್ಧ ಗೋಳದಲ್ಲಿ ಕೂರ್ಬೇಕು. ಮೆಡಿಟರೇನಿಯನ್ ಸುತ್ತ ಅಷ್ಟು ದಪ್ಪ, ಅಷ್ಟು ಸ್ವಚ್ಛ ಹಿಮ ಎಲ್ಲಿಂದ ತರ್ತೀರಿ? ನೀರೇ ಗತಿ.

ಬರೀನೋಡ್ತೀನಿ:
ಫಾಲೋ ಮಾಡ್ತಿದೀನಿ 🙋

ಆಳದಾಕೆ:
ನಾನು ಫಿಸಿಕ್ಸ್ ಓದಿದವಳಲ್ಲ, ನೀರೊಳಗೆ ಬಿಡೋ ಉಪಕರಣಗಳ ಹೌಸಿಂಗ್ ಅಸೆಂಬ್ಲಿ ಕೆಲಸ ಕೆಲವು ವರ್ಷ ಮಾಡಿದ್ದೆ, ಹಂಗಾಗಿ ಈ ಥ್ರೆಡ್ಡಲ್ಲಿ ಯಾರೂ ಮುಟ್ಟದೇ ಇರೋ ಜಾಗ ಒಂದಿದೆ ಅನ್ನಿಸ್ತು. ನೀವೆಲ್ಲ ಬೆಳಕು, ಕಣ, ಗೆಲಾಕ್ಸಿ ಅಂತಿದೀರಿ. ನನ್ನ ಕೇಳಿದ್ರೆ ಈ ಟೆಲಿಸ್ಕೋಪು ಬದುಕೋದು ಸಾಯೋದು ವೈರು ಗೋಲದೊಳಕ್ಕೆ ಹೋಗೋ ಆ ಒಂದು ತೂತಲ್ಲಿ.

ಗೋಲ ಅಂದ್ರೆ 17 ಇಂಚಿನ ದಪ್ಪ ಗಾಜು, ಎರಡು ಅರ್ಧ ಚಿಪ್ಪು. ಅದನ್ನ ಬೋಲ್ಟ್ ಹಾಕಿ ಬಿಗಿಯಲ್ಲ. ಎರಡೂ ಅಂಚನ್ನ ನಯವಾಗಿ ಉಜ್ಜಿರ್ತಾರೆ, ಗಾಜಿನ ಮೇಲೆ ಗಾಜು ಕೂರ್ಸಿ, ಒಳಗಿನ ಗಾಳಿ ಸ್ವಲ್ಪ ಎಳೆದು, ಹೊರಗಿಂದ ಸೀಲಂಟೂ ಟೇಪೂ ಸುತ್ತೋದು, ಅಷ್ಟೇ. ನೋಡಿದ್ರೆ ಇಷ್ಟೇನಾ ಅನ್ಸತ್ತೆ. ಆದ್ರೆ 3500 ಮೀಟರಲ್ಲಿ ಸುಮಾರು 350 ವಾತಾವರಣದ ಒತ್ತಡ, ಲೆಕ್ಕ ಹಾಕಿ ನೋಡಿ, ಆ ಎರಡು ಚಿಪ್ಪನ್ನ ಒಂದಕ್ಕೊಂದು ಒತ್ತೋ ಬಲ 500 ಟನ್ ದಾಟತ್ತೆ. ಸಮುದ್ರವೇ ಬೋಲ್ಟು. ಗಾಜಿಗೆ ಹಿಸುಕಿದ್ರೆ ಬೇಜಾರಿಲ್ಲ, ಎಳೆದ್ರೆ ಬಗ್ಗಿಸಿದ್ರೆ ಕಷ್ಟ, ಗೋಲದಲ್ಲಿ ಬರೀ ಹಿಸುಕೋದೇ ಇರತ್ತೆ. ಹಂಗಾಗಿ ಗಾಜಿನ ಬಗ್ಗೆ ಚಿಂತೆ ಕಮ್ಮಿ. ಚಿಂತೆ ಇರೋದು ಕೇಬಲ್ಲಿಗೆ ಅಂತ ಕೊರೆದ ತೂತು, ಅದರಲ್ಲಿ ಕೂತು ನೀರು ಬಿಡದೇ ವೈರು ದಾಟಿಸೋ ಪೆನೆಟ್ರೇಟರು, ಆಮೇಲೆ ತಳದಲ್ಲಿ ಸ್ಟ್ರಿಂಗನ್ನ ಮೇನ್ ಕೇಬಲ್ಲಿಗೆ ಸೇರಿಸೋ ಕನೆಕ್ಟರು.

ಹವಾಯಿಯಲ್ಲಿ ಡುಮಂಡ್ ಅಂತ ಒಂದು ಪ್ರಾಜೆಕ್ಟ್ ಇತ್ತು, ಇವೆಲ್ಲದರ ಅಜ್ಜ. ಆಳ 4800 ಮೀಟರ್. 1993ರ ಡಿಸೆಂಬರಲ್ಲಿ ಮೊದಲನೇ ಸ್ಟ್ರಿಂಗ್ ಇಳಿಸಿದ್ರು, ನೀರು ಒಳಗೆ ನುಗ್ಗಿ ಶಾರ್ಟ್ ಆಗಿ ಸ್ವಲ್ಪ ಹೊತ್ತಲ್ಲೇ ಎಲ್ಲಾ ಸತ್ತುಹೋಯ್ತು. 1995ರಲ್ಲಿ ಪ್ರಾಜೆಕ್ಟೇ ನಿಲ್ಸಿದ್ರು. ಎಷ್ಟು ವರ್ಷದ ತಯಾರಿ ಅದು. ಫಿಸಿಕ್ಸ್ ತಪ್ಪಿರ್ಲಿಲ್ಲ ಪಾಪ.

ನಂದೂ ಒಂದು ಕತೆ ಇದೆ, ಅಷ್ಟು ದೊಡ್ಡದಲ್ಲ. ಒಂದು ಸಣ್ಣ ಅಲ್ಯೂಮಿನಿಯಂ ಸಿಲಿಂಡರ್, ಒಳಗೆ ಸರ್ಕ್ಯೂಟು, ಮುಚ್ಚಳಕ್ಕೆ ಓ-ರಿಂಗ್, ಅಂದ್ರೆ ನೀರು ತಡೆಯೋ ರಬ್ಬರ್ ಬಳೆ. ಮುಚ್ಚೋಕೆ ಮುಂಚೆ ರಿಂಗನ್ನ ಬೆರಳಲ್ಲಿ ಸವರಿ ಗ್ರೀಸ್ ಹಚ್ಚಿ ಟಾರ್ಚ್ ಬಿಟ್ಟು ನೋಡ್ಬೇಕು, ಮುಚ್ಚಿದ್ಮೇಲೆ ವ್ಯಾಕ್ಯೂಮ್ ಟೆಸ್ಟ್ ಮಾಡ್ಬೇಕು, ರೂಲ್ ಅದು. ಆವತ್ತು ಬೋಟ್ ಹೊರಡೋ ಟೈಮಾಗಿತ್ತು, ಎರಡನೇದನ್ನ ಬಿಟ್ವಿ. 40 ಮೀಟರಲ್ಲಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಎತ್ತಿದ್ರೆ ಒಳಗೆ ಎರಡು ಚಮಚ ನೀರು, ಬೋರ್ಡ್ ಮೇಲೆಲ್ಲ ಹಸಿರು ಕಿಲುಬು. ರಿಂಗ್ ತೆಗೆದು ಲೆನ್ಸ್ ಕೆಳಗೆ ಇಟ್ರೆ ಅಡ್ಡಡ್ಡ ಒಂದು ತಲೆಕೂದಲು ಕೂತಿತ್ತು, ಗ್ರೀಸಲ್ಲಿ ನೀಟಾಗಿ ಅಂಟ್ಕೊಂಡು. ಅದರ ಎರಡೂ ಬದಿಗೆ ರಬ್ಬರ್ ತಾಗದೇ ಇರೋ ಸಣ್ಣ ಸಂದು, ಅಷ್ಟು ಸಾಕಿತ್ತು. ತಮಾಷೆ ಏನಂದ್ರೆ ಆಳಕ್ಕೆ ಹೋದಷ್ಟೂ ರಿಂಗ್ ಗಟ್ಟಿಯಾಗಿ ಒತ್ಕೊಳತ್ತೆ, ಎಷ್ಟೋ ಸಲ ಸೋರೋದು ಕಮ್ಮಿ ಆಳದಲ್ಲೇ. ನಮ್ಮದು ಎತ್ತಿ ಒರೆಸಿ ಬೇರೆ ಬೋರ್ಡ್ ಹಾಕಿದ್ವಿ, ಮುಗೀತು. ಮೂರೂವರೆ ಕಿಲೋಮೀಟರ್ ಕೆಳಗೆ ಇರೋದನ್ನ ಯಾರು ಎತ್ತಿ ಒರೆಸ್ತಾರೆ?

ಮಧ್ಯರಾತ್ರಿ_ಓದುಗ:
ಮೇಡಂ, ಮೈ ಜುಂ ಅಂತು. ಸಮುದ್ರವೇ ಬೋಲ್ಟು ಅನ್ನೋದನ್ನ ಬರೆದಿಟ್ಕೊಂಡೆ. ಹಂಗಾದ್ರೆ ಒಂದು ಗೋಲ ಒಡೆದ್ರೆ? ಪಕ್ಕದವು ಸಾಲಾಗಿ ಒಡೀತವಾ?

ಉಪ್ಪುನೀರು:
ಮಾರಾಯ್ರೆ, ಇದು ನಡೆದೇ ಹೋಗಿದೆ, ಸಮುದ್ರದಲ್ಲಲ್ಲ, ಜಪಾನಿನ ಸೂಪರ್-ಕಾಮಿಯೊಕಾಂಡೆ ಅನ್ನುವ ನ್ಯೂಟ್ರಿನೊ ಡಿಟೆಕ್ಟರಿನಲ್ಲಿ. 2001ರ ನವೆಂಬರ್, ನೆಲದಡಿಯ ಟ್ಯಾಂಕಿಗೆ ನೀರು ತುಂಬಿಸ್ತಾ ಇದ್ರು, ತಳದಲ್ಲಿ ಬೆಳಕು ಹಿಡಿಯುವ ಒಂದು ಗಾಜಿನ ಟ್ಯೂಬ್ ಒಳಕ್ಕೆ ಕುಸಿಯಿತು, ಆ ಹೊಡೆತಕ್ಕೆ ಪಕ್ಕದ್ದು, ಅದರ ಹೊಡೆತಕ್ಕೆ ಅದರ ಪಕ್ಕದ್ದು, ಸೆಕೆಂಡುಗಳಲ್ಲಿ ಆರು ಸಾವಿರದ ಮೇಲೆ ಟ್ಯೂಬ್ ಢಮಾರ್. ಅಲ್ಲಿ ಟ್ಯೂಬುಗಳ ಮಧ್ಯೆ ಇದ್ದ ಅಂತರ ಬರೀ 70 ಸೆಂಟಿಮೀಟರ್. ಕೆಎಂ3ನೆಟ್‌ನ ಸಿಸಿಲಿ ಭಾಗದಲ್ಲಿ, ಅದನ್ನ ಆರ್ಕಾ ಅಂತಾರೆ, ಮೇಲೆ ಕೆಳಗೆ ಗೋಲಗಳ ಅಂತರ 36 ಮೀಟರ್, ಸ್ಟ್ರಿಂಗಿಂದ ಸ್ಟ್ರಿಂಗಿಗೆ 90 ಮೀಟರ್ ಉಂಟು. ಲೆಕ್ಕ ಹಾಕಿದೆ, ಆ ಆಳದಲ್ಲಿ ಒಂದು ಗೋಲ ಕುಸಿದ್ರೆ ಬಿಡುಗಡೆ ಆಗುವ ಶಕ್ತಿ ಒಂದೂವರೆ ಮೆಗಾಜೂಲ್, ಅಂದ್ರೆ ಸುಮಾರು ಮುನ್ನೂರೈವತ್ತು ಗ್ರಾಮ್ ಟಿಎನ್‌ಟಿ. ಕಮ್ಮಿ ಅಲ್ಲ, ಆದ್ರೆ 36 ಮೀಟರ್ ದೂರ ಹೋಗುವಷ್ಟರಲ್ಲಿ ಸುಮಾರು ತಣ್ಣಗಾಗಿರ್ತದೆ.

ಅದಿರಲಿ, ಥ್ರೆಡ್ ಶುರು ಮಾಡಿದವರು ಕೇಳಿದ ಹೊಳೆಯುವ ಜೀವಿಗಳ ವಿಷಯ ಹೇಳ್ತೇನೆ. ಆಳದ ಮೀನುಗಳು ದೀಪ ಹಿಡ್ಕೊಂಡು ತಿರುಗ್ತಾವಲ್ಲ, ಅವೇ ಇವರಿಗೆ ದೊಡ್ಡ ಉಪದ್ರ.

ಕಣಕಣ:
ಮೀನೇ ಅಲ್ಲ ಸರ್. ಹೆಚ್ಚಿನದು ಬ್ಯಾಕ್ಟೀರಿಯಾ ಮತ್ತೆ ಸಣ್ಣಪುಟ್ಟ ಜೀವಿಗಳದ್ದು, ನೀರಿನ ಹರಿವು ಜೋರಾದಾಗ ಅವು ಕೇಬಲ್ಲಿಗೋ ಗೋಲಕ್ಕೋ ತಾಗಿ ಮಿಂಚ್ತವೆ. ಇದಕ್ಕೂ ಮುಂಚೆ ಫ್ರಾನ್ಸಿನ ಟೂಲಾನ್ ತೀರದಾಚೆ ಅಂಟಾರೆಸ್ ಅಂತ 12 ಸ್ಟ್ರಿಂಗಿನ ಟೆಲಿಸ್ಕೋಪ್ ಇತ್ತು, 2008ರಲ್ಲಿ ಪೂರ್ತಿ ಆಗಿ 2022ರ ಫೆಬ್ರವರಿವರೆಗೂ ಓಡ್ತು. 2009 ಮತ್ತೆ 2010ರಲ್ಲಿ ಅದರ ಸೆನ್ಸರುಗಳೆಲ್ಲ ಬೆಳಕಿಂದ ತುಂಬಿ ತುಳುಕಿಬಿಟ್ವು. ಕಾರಣ ಹುಡುಕಿದ್ರೆ, ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಭಾರವಾಗಿ ತಳಕ್ಕೆ ಇಳಿದು, ಜೊತೆಗೆ ಪೋಷಕಾಂಶ ಹೊತ್ತು ತಂದು, ಕೆಳಗಿನ ಬ್ಯಾಕ್ಟೀರಿಯಾಗಳಿಗೆ ಸುಗ್ಗಿ ಆಗಿತ್ತು! ಖಗೋಳದವರಿಗೆ ಕಾಟ, ಸಮುದ್ರ ವಿಜ್ಞಾನದವರಿಗೆ ಪೇಪರ್.

ಗಟ್ಟಿಮಾತು:
ಹಂಗಂದ್ರ ಗಲಾಟಿ ಒಳಗ ಸೂಜಿ ಬಿದ್ದ ಸಪ್ಪಳ ಕೇಳೋ ಕೆಲಸ ಇದು. ಉಪ್ಪಿಂದೇನು ಕಥಿ? ಕಿಲುಬು ಹಿಡಿಯೋದಾ?

ಕಣಕಣ:
ಕಿಲುಬು ಆಳದಾಕೆ ಮೇಡಂ ಡಿಪಾರ್ಟ್‌ಮೆಂಟು 😄 ನಾನು ಹೇಳೋದು ಪೊಟ್ಯಾಶಿಯಂ-40. ಸಮುದ್ರದ ಉಪ್ಪಲ್ಲಿ ಸಹಜವಾಗೇ ಇರೋ ರೇಡಿಯೋಆ್ಯಕ್ಟಿವ್ ಪೊಟ್ಯಾಶಿಯಂ. ಒಂದು ಲೀಟರ್ ನೀರಲ್ಲಿ ಸೆಕೆಂಡಿಗೆ ಹನ್ನೆರಡು ಸಲ ಒಡೆಯತ್ತೆ, ಹೊರಗೆ ಬರೋ ಎಲೆಕ್ಟ್ರಾನೂ ಚೆರೆಂಕೋವ್ ಬೆಳಕು ಚೆಲ್ಲತ್ತೆ. ಹಂಗಾಗಿ ಆ ಕಗ್ಗತ್ತಲಲ್ಲೂ ಒಂದೊಂದು ಟ್ಯೂಬಿಗೆ ಸೆಕೆಂಡಿಗೆ ಸಾವಿರಾರು ಹುಸಿ ಸಿಗ್ನಲ್ಲು, ವರ್ಷಪೂರ್ತಿ. ಇದಕ್ಕೆ ಅವರು ಮಾಡಿರೋ ಉಪಾಯ ನಂಗೆ ಬಹಳ ಇಷ್ಟ. ಮೊದ್ಲು ಅಂಟಾರೆಸಲ್ಲಿ ಒಂದು ಗಾಜಿನ ಗೋಲದೊಳಗೆ 10 ಇಂಚಿನ ಒಂದೇ ಟ್ಯೂಬು. ಕೆಎಂ3ನೆಟ್‌ನಲ್ಲಿ ಅದೇ ಸೈಜಿನ ಗೋಲದೊಳಗೆ 3 ಇಂಚಿನ 31 ಟ್ಯೂಬು, ನೊಣದ ಕಣ್ಣಿನ ಥರ ಎಲ್ಲಾ ಕಡೆ ಮುಖ ಮಾಡಿ, ಕೆಳಗಿನ ಅರ್ಧದಲ್ಲಿ 19, ಮೇಲೆ 12. ಒಂದೇ ಟ್ಯೂಬು ಮಿಣಕ್ ಅಂದ್ರೆ ಅದು ಬಹುಶಃ ಉಪ್ಪು, ಅಕ್ಕಪಕ್ಕದ ನಾಲ್ಕೈದು ಒಟ್ಟಿಗೆ ಕೆಲವೇ ನ್ಯಾನೋಸೆಕೆಂಡಲ್ಲಿ ಅಂದ್ರೆ ಏನೋ ವಿಷಯ ಇದೆ. ಕೆಳಗೆ ಕೂತು ಇದನ್ನೆಲ್ಲ ಸೋಸೋದೂ ಇಲ್ಲ, ಅಷ್ಟೂ ಡೇಟಾ ಫೈಬರಲ್ಲಿ ದಡಕ್ಕೆ, ಸೋಸೋದು ದಡದ ಕಂಪ್ಯೂಟರು.

ಇನ್ನೂ ಮಜಾ ಇದೆ, ಆ ಪೊಟ್ಯಾಶಿಯಂ ಕಾಟನೇ ಅವರ ಅಳತೆಗೋಲು. ಒಂದೇ ಒಡೆತದ ಬೆಳಕು ಒಂದೇ ಗೋಲದ ಎರಡು ಟ್ಯೂಬಿಗೆ ಒಟ್ಟಿಗೆ ತಾಗೋದು ಆಗಾಗ ನಡೀತಾ ಇರತ್ತೆ, ಅದು ಎಷ್ಟು ಸಲ ಆಗ್ಬೇಕು ಅಂತ ಗೊತ್ತು, ಸಮುದ್ರದ ಉಪ್ಪು ವರ್ಷ ವರ್ಷ ಬದಲಾಗಲ್ಲ. ಯಾವ ಟ್ಯೂಬು ಮಂಕಾಗಿದೆ, ಯಾವುದರ ಗಡಿಯಾರ ಹಿಂದೆ ಬಿದ್ದಿದೆ ಅಂತ ಹಂಗೇ ಗೊತ್ತಾಗತ್ತೆ. ಅಂಟಾರೆಸ್ ಸೆನ್ಸರುಗಳು 2008ರಿಂದ 2017ರವರೆಗೆ ಸರಾಸರಿ ಸುಮಾರು 20% ಮಂಕಾದ್ವು ಅಂತ ಲೆಕ್ಕ ಸಿಕ್ಕಿದ್ದೂ ಈ ಪೊಟ್ಯಾಶಿಯಮ್ಮಿಂದಾನೇ.

ಮಧ್ಯರಾತ್ರಿ_ಓದುಗ:
ಓಲಾಟದ್ದು ಯಾರೂ ಹೇಳ್ಲಿಲ್ಲ ಇನ್ನೂ 🙏

ಉಪ್ಪುನೀರು:
ಮೀನಿನ ವಿಷಯದಲ್ಲಿ ಮಂಗ ಆದೆ, ಇದನ್ನಾದ್ರೂ ಸರಿಯಾಗಿ ಹೇಳ್ತೇನೆ. ಓಲಾಟ ತಡೆಯುವುದಿಲ್ಲ ಅವರು, ಓಲಾಡ್ಲಿ ಅಂತ ಬಿಡ್ತಾರೆ, ಎಷ್ಟು ಓಲಾಡಿತು ಅಂತ ಅಳೀತಾರೆ, ಅಷ್ಟೆ. ಸ್ಟ್ರಿಂಗ್ ಅಂದ್ರೆ ಎರಡು ತೆಳು ಹಗ್ಗ, ಮೇಲೆ ತೇಲುಬುರುಡೆ, ಕೆಳಗೆ ಲಂಗರು. ಮೇಲ್ತುದಿ ಹರಿವಿಗೆ ಮೀಟರ್ ಲೆಕ್ಕದಲ್ಲಿ ಬಾಗ್ತದೆ. ತಳದಲ್ಲಿ ಗೊತ್ತಾದ ಜಾಗದಲ್ಲಿ ಶಬ್ದ ಮಾಡುವ ಬೀಕನ್ ಇಟ್ಟಿರ್ತಾರೆ, ಒಂದೊಂದು ಗೋಲದೊಳಗೂ ಗಾಜಿಗೆ ಅಂಟಿಸಿದ ಒಂದು ಕಿವಿ, ಅಂದ್ರೆ ಪೀಜೋ ಸೆನ್ಸರ್, ಜೊತೆಗೆ ದಿಕ್ಸೂಚಿ ಮತ್ತೆ ವಾಲಿದ್ದು ತಿಳಿಸುವ ಸೆನ್ಸರ್. ಬೀಕನ್ ಕೂಗಿದ್ದು ಎಷ್ಟು ಹೊತ್ತಿಗೆ ಕೇಳಿತು ಅಂತ ನೋಡಿ ದೂರ ತೆಗೆಯೋದು.

ಇದರಲ್ಲಿ ನನಗೆ ಚಂದ ಕಂಡದ್ದು, ನೀರಲ್ಲಿ ಬೆಳಕು ಒಂದು ನ್ಯಾನೋಸೆಕೆಂಡಲ್ಲಿ 22 ಸೆಂಟಿಮೀಟರ್ ಹೋಗ್ತದೆ. ಗಡಿಯಾರ ನ್ಯಾನೋಸೆಕೆಂಡಿಗೆ ಹೊಂದಿಸಿದ ಮೇಲೆ ಗೋಲದ ಜಾಗವೂ ಅಷ್ಟೇ, ಹತ್ತಿಪ್ಪತ್ತು ಸೆಂಟಿಮೀಟರ್ ಒಳಗೆ ಗೊತ್ತಿರ್ಬೇಕು, ಇಲ್ಲದಿದ್ರೆ ಗಡಿಯಾರಕ್ಕೆ ಮಾಡಿದ ಖರ್ಚು ದಂಡ. ಆದ್ರೆ ಶಬ್ದ ನೀರಲ್ಲಿ ಸೆಕೆಂಡಿಗೆ ಒಂದೂವರೆ ಕಿಲೋಮೀಟರ್ ಅಷ್ಟೆ, ಹತ್ತು ಸೆಂಟಿಮೀಟರ್ ಅಳೆಯೋಕೆ ಅರವತ್ತು ಚಿಲ್ಲರೆ ಮೈಕ್ರೋಸೆಕೆಂಡ್ ಸಿಗ್ತದೆ. ಅವರ ಗಡಿಯಾರಕ್ಕೆ ಅದು ಒಂದು ಯುಗ. ನಿಧಾನ ಹೋಗುವವನನ್ನು ಇಟ್ಕೊಂಡು ಓಡುವವನ ಲೆಕ್ಕ ಇಡೋದು ಅಂದ್ರೆ ಇದೇ ನೋಡಿ.

ಬರೀನೋಡ್ತೀನಿ:
ಒಂದು ಡೌಟು. 700 ಮೀಟರ್ ಹಗ್ಗ, ಕೇಬಲ್, 18 ಗೋಲ, ಇದನ್ನ ಹಡಗಿಂದ ಇಳಿಸೋವಾಗ ಸಿಕ್ಕಾಗಲ್ವಾ? ನನ್ನ ಇಯರ್‌ಫೋನ್ ಜೇಬಲ್ಲಿ ಇಟ್ರೇ ಸಿಕ್ಕಾಗತ್ತೆ.

ಆಳದಾಕೆ:
ನೂಲಿನ ಉಂಡೆ ಥರ ಸುತ್ತಿಬಿಡ್ತಾರೆ! ಎರಡು ಮೀಟರಿಗಿಂತ ಸ್ವಲ್ಪ ದೊಡ್ಡ ಅಲ್ಯೂಮಿನಿಯಂ ಗುಂಡನೆ ಚೌಕಟ್ಟು, ಅದರ ಮೈಮೇಲೆ ಗೂಡು ಗೂಡಾಗಿ ಗಾಜಿನ ಗೋಲಗಳು, ಹಗ್ಗ ಸುತ್ತು ಸುತ್ತಾಗಿ. ಅದನ್ನ ಲಂಗರಿನ ಮೇಲೆ ಕೂರಿಸಿ ಹಡಗಿನ ಕ್ರೇನಿಂದ ಹಂಗೇ ತಳಕ್ಕೆ ಇಳಿಸೋದು. ಆಮೇಲೆ ಆರ್‌ಒವಿ, ಅಂದ್ರೆ ಮೇಲಿಂದ ಕೇಬಲ್ಲಲ್ಲಿ ನಡೆಸೋ ರೋಬೋಟು, ಹೋಗಿ ಲಂಗರಿಂದ ಬರೋ ಕೇಬಲ್ಲನ್ನ ಜಂಕ್ಷನ್ ಬಾಕ್ಸಿಗೆ ಚುಚ್ಚತ್ತೆ, ನೀರೊಳಗೇ ಕೂಡಿಸಬಹುದಾದ ಕನೆಕ್ಟರ್ ಅದು. ದಡದಿಂದ ಕರೆಂಟ್ ಕೊಟ್ಟು ಗೋಲಗಳು ಜೀವಂತ ಇದಾವಾ ನೋಡಿ ಆಮೇಲೆ ಕೊಕ್ಕೆ ಬಿಚ್ಚೋದು. ಚೌಕಟ್ಟು ತೇಲೋ ಥರ ಮಾಡಿರ್ತಾರೆ, ಕೊಕ್ಕೆ ಬಿಚ್ಚಿದ್ದೇ ತಡ ತನ್ನಷ್ಟಕ್ಕೆ ಉರುಳ್ತಾ ಉರುಳ್ತಾ ಮೇಲಕ್ಕೆ ಹೊರಡತ್ತೆ, ಸುತ್ತು ಬಿಚ್ತಾ ಹೋದಂಗೆ ಒಂದೊಂದೇ ಗೋಲ ಗೂಡಿಂದ ಜಾರಿ ಹೊರಗೆ. ಪೂರ್ತಿ ಬಿಚ್ಚಿದ್ಮೇಲೆ ಖಾಲಿ ಚೌಕಟ್ಟು ಮೇಲೆ ತೇಲಿ ಬರತ್ತೆ, ಹಡಗಿನವರು ಹಿಡ್ಕೊಂಡು ಮುಂದಿನ ಸ್ಟ್ರಿಂಗಿಗೆ ಅದನ್ನೇ ಬಳಸ್ತಾರೆ. ಇಂಥ ಉಪಾಯ ಮಾಡಿದವರಿಗೆ ಕೈ ಮುಗೀಬೇಕು.

ಇನ್ನೊಂದು, ಗೋಲದಿಂದ ಗೋಲಕ್ಕೆ ಹೋಗೋ ಕೇಬಲ್ಲು ಎಣ್ಣೆ ತುಂಬಿದ ಮೆದು ಕೊಳವೆ. ಒಳಗೆ ಗಾಳಿ ಇದ್ರೆ ತಾನೇ ಸಮುದ್ರ ಹಿಸುಕೋದು? ಎಣ್ಣೆ ಇದ್ರೆ ಒಳಗೂ ಹೊರಗೂ ಒಂದೇ ಒತ್ತಡ, ಜಗಳವೇ ಇಲ್ಲ.

ಗಟ್ಟಿಮಾತು:
ಭಾಳ ಛಲೋ ಹೇಳಿದ್ರಿ ಮೇಡಂ. ಈಗ ನನ್ನ ಕೊನಿ ತಕರಾರು. 2023ರ ಫೆಬ್ರವರಿ 13ಕ್ಕ ಸಿಕ್ಕಿದ್ದು ಅಂತ ಈ ಕೆಎಂ3ನೆಟ್‌ನವರು 2025ರಾಗ ನೇಚರ್ ಪತ್ರಿಕೆಯಾಗ ಹಾಕಿದ್ರಲ್ಲ, 220 ಪೆಟಾ ಎಲೆಕ್ಟ್ರಾನ್‌ವೋಲ್ಟಿನ (ಕಣದ ಎನರ್ಜಿ ಅಳೆಯೋ ಲೆಕ್ಕ ಅದು) ನ್ಯೂಟ್ರಿನೊ. ಆಗ ಇದ್ದಿದ್ದು ಬರೇ 21 ಸ್ಟ್ರಿಂಗ್. ಐಸ್‌ಕ್ಯೂಬ್ ಅದಕ್ಕಿಂತ ಎಷ್ಟೋ ದೊಡ್ಡದು, ಎಷ್ಟೋ ವರ್ಷದಿಂದ ನೋಡಾಕತ್ತೈತಿ, ಅದಕ್ಕ ಅಂಥದ್ದು ಒಂದೂ ಸಿಕ್ಕಿಲ್ಲ. ಸಣ್ಣ ಬಲಿ ಹಾಕಿದವಗ ತಿಮಿಂಗಿಲ, ದೊಡ್ಡ ಬಲಿಯವಗ ಏನೂ ಇಲ್ಲ ಅಂದ್ರ ನಂಬೋದು ಹೆಂಗ?

ಕಣಕಣ:
ಈ ತಕರಾರು ಫಿಸಿಕ್ಸ್‌ನವರದ್ದೂ ಹೌದು, ನೀವೊಬ್ರೇ ಅಲ್ಲ. ಆದ್ರೆ ಎರಡು ಬೇರೆ ಪ್ರಶ್ನೆ ಇವೆ, ಕಲಸಬೇಡಿ. ಅಲ್ಲಿ ಏನಾದ್ರೂ ಆಯ್ತಾ? ಆಯ್ತು. ಡಿಟೆಕ್ಟರಿನ ಮೂರನೇ ಒಂದು ಭಾಗಕ್ಕೂ ಜಾಸ್ತಿ ಟ್ಯೂಬು ಒಟ್ಟಿಗೆ ಬೆಳಗಿದ್ವು, ಮ್ಯುಯಾನ್ ಎನರ್ಜಿನೇ 120 ಪೆಟಾ ಎಲೆಕ್ಟ್ರಾನ್‌ವೋಲ್ಟ್ ಅಂತ ಅಂದಾಜು, 220 ಅನ್ನೋದು ಅದರಿಂದ ಲೆಕ್ಕ ಹಾಕಿದ ನ್ಯೂಟ್ರಿನೊದ್ದು. ದಿಕ್ಕು ಕ್ಷಿತಿಜಕ್ಕಿಂತ ಬರೀ 0.6 ಡಿಗ್ರಿ ಮೇಲೆ, ಅಂದ್ರೆ ಹೆಚ್ಚುಕಮ್ಮಿ ಅಡ್ಡಡ್ಡ. ಆ ದಾರಿಯಲ್ಲಿ ಅಷ್ಟೊಂದು ಕಿಲೋಮೀಟರ್ ನೀರು ಬಂಡೆ ದಾಟಿ ವಾತಾವರಣದ ಮ್ಯುಯಾನ್ ಬರೋಕೆ ಸಾಧ್ಯ ಇಲ್ಲ, ಹಂಗಾಗಿ ನ್ಯೂಟ್ರಿನೊ ಅನ್ನೋದು. ಅಡ್ಡಡ್ಡ ಬರೋದೂ ಆಕಸ್ಮಿಕ ಅಲ್ಲ, ಇಂಥ ಎನರ್ಜಿಗೆ ಭೂಮಿನೂ ಅಡ್ಡಿನೇ, ಕೆಳಗಿಂದ ಬಂದ್ರೆ ನುಂಗಿಬಿಡತ್ತೆ. ಎಲ್ಲಿಂದ ಬಂತು, ಇಂಥವು ಎಷ್ಟು ಬರ್ತವೆ ಅನ್ನೋದು ಎರಡನೇ ಪ್ರಶ್ನೆ. ಅದಕ್ಕೆ ಒಂದು ಘಟನೆ ಸಾಲದು. ಅದೃಷ್ಟವೂ ಇರಬಹುದು.

ಗಟ್ಟಿಮಾತು:
ಅದೃಷ್ಟ ಇರಬಹುದು ಅಂತ ನೀವ ಒಪ್ಪಿಕೊಂಡ್ರಿ ಅಂದ್ರ ನನಗ ಸಾಕು 😀 230 ಸ್ಟ್ರಿಂಗ್ ಆಗ್ಲಿ, ಆಮೇಲೆ ಮಾತಾಡೋಣು.

ಉಪ್ಪುನೀರು:
ಇವರೊಬ್ಬರೇ ಅಲ್ಲ ಮಾರಾಯ್ರೆ. ಬೈಕಲ್ ಸರೋವರದಲ್ಲಿ ರಷ್ಯಾದವರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಂಜಿನ ಮೇಲೇ ಕ್ಯಾಂಪ್ ಹಾಕಿ, ತೂತು ಕೊರೆದು ಸ್ಟ್ರಿಂಗ್ ಇಳಿಸ್ತಾರೆ, ಹಡಗಿನ ರಗಳೆಯೇ ಇಲ್ಲ, ಸಿಹಿನೀರು ಆದ್ದರಿಂದ ಪೊಟ್ಯಾಶಿಯಂ ಕಾಟವೂ ಇಲ್ಲ. ಕೆನಡಾದ ಪಶ್ಚಿಮಕ್ಕೆ ಪೆಸಿಫಿಕ್‌ನಲ್ಲಿ ಪಿ-ಒನ್ ಅಂತ ಒಂದು, ದಕ್ಷಿಣ ಚೀನಾ ಸಮುದ್ರದಲ್ಲಿ ಟ್ರೈಡೆಂಟ್ ಅಂತ ಇನ್ನೊಂದು ಬರ್ಲಿಕ್ಕುಂಟು, ಅದಕ್ಕೆ ಸುಮಾರು 1200 ಸ್ಟ್ರಿಂಗಿನ ಪ್ಲ್ಯಾನು.

ಮಧ್ಯರಾತ್ರಿ_ಓದುಗ:
ಎಲ್ರಿಗೂ ಥ್ಯಾಂಕ್ಸ್. ನೀರಲ್ಲಿ ಹೋಮ ಅಂದಿದ್ದು ವಾಪಸ್ ತಗೊಂಡೆ. ಆಳದಾಕೆ ಮೇಡಂ, ಒಂದೇ ಒಂದು ಬಾಕಿ ಇದೆ, ಬೇಜಾರು ಮಾಡ್ಕೋಬೇಡಿ. ಆ ಓ-ರಿಂಗ್ ಮೇಲಿದ್ದ ಕೂದಲು ಯಾರದ್ದು ಅಂತ ಗೊತ್ತಾಯ್ತಾ?

ಆಳದಾಕೆ:
ಗೊತ್ತಾಗದೇ ಏನು, ಬಿಳಿ ಕೂದಲು ಅದು. ಆ ರೂಮಲ್ಲಿ ನರೆತ ಕೂದಲು ಇದ್ದಿದ್ದು ಒಬ್ರಿಗೇ, ಫೇಲ್ಯೂರ್ ರಿಪೋರ್ಟಿಗೆ ಸೈನ್ ಹಾಕ್ಬೇಕಾದವರೂ ಅವರೇ. "ಕಾರಣ: ನಾರಿನಂಥ ಹೊರವಸ್ತು" ಅಂತ ಬರೆದ್ವಿ. ಓದಿದ್ರು, ಒಂದ್ಸಲ ತಲೆ ಸವರಿಕೊಂಡ್ರು, ಸೈನ್ ಹಾಕಿದ್ರು.